ಕೊಡದ ತಲೆಯವನ ಕುರಿತು ನನ್ನ ಭಾಷಣ

ಎಂಬತ್ತರ ದಶಕದ ಬೆಳಗಾವಿಯಲ್ಲಿ ಚಿತ್ರಕಲೆಯ ಬಗ್ಗೆ ಯಾರಿಗಾದರೂ ಏನಾದರೂ ತಿಳಿದಿದ್ದರೆ ಅದು ನನಗೆ ಎಂದು ನಾನು ದೃಢವಾಗಿ ನಂಬಿದ್ದೆ. ಗುಮಾಸ್ತಗಿರಿಯ ನಡುವೆ ವಾರಪತ್ರಿಕೆಯೊಂದಕ್ಕೆ ಕಲಾವಿಮರ್ಶೆ ಬರೆಯುತ್ತಿದ್ದೆನಲ್ಲ! ಹಾಗಾಗಿ ಖಾನಾಪುರದ ನಿವೃತ್ತ ಡ್ರಾಯಿಂಗ್ ಮಾಸ್ತರ ಗುರುಪಾದಪ್ಪನವರ ಮೊದಲ ಪ್ರದರ್ಶನದಲ್ಲಿ ಅವರ ಜೀವನ ಹೇಳಿ, ಒಂದು ಚಿತ್ರವನ್ನು ವಿಮರ್ಶಿಸಲು ಕರೆ ಬಂದಾಗ ನನಗೆ ಅಚ್ಚರಿಯಾಗಲಿಲ್ಲ. ಇಷ್ಟು ತಡವಾಯಿತಲ್ಲ ಎಂದು ಬೇಸರವಾಯಿತು!

ಖಾನಾಪುರಕ್ಕೆ ಹೋದೆ. ಮಾಸ್ತರರು ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಂದ ಮಾವಿನಕಾಯಿ ಬರೆಸಿದವರು. ಮನೆಯಲ್ಲಿ ಮಾತ್ರ ಹೊಟ್ಟೆಗೆ ಬಾಗಿಲಿರುವ ಎಮ್ಮೆ, ಮರಕ್ಕೆ ಜೋತುಬಿದ್ದ ರೈಲು ಬರೆಯುತ್ತಿದ್ದರು. ಇದಕ್ಕೆ ಅತಿವಾಸ್ತವವಾದ, ಅಂದರೆ ಸರ್ರಿಯಲಿಸಂ, ಎನ್ನುತ್ತಾರೆಂದು ಅವರಿಗೆ ನಾನೇ ತಿಳಿಸಿದೆ.

“ಹೌದೇನ್ರಿ? ನನಗ ಕನಸು ಬೀಳತಾವ, ಹಂಗ ಚಿತ್ರಾ ತಗೀತೀನಿ,” ಎಂದರು.

ಮುಂದೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಾನು ಕಲೆಯ ಬಗ್ಗೆ ಮೂರು ತಾಸು ಮಾತಾಡಿ ಬೆಳಗಾವಿ ಬಸ್ಸು ಹತ್ತಿದೆ. ಅವರ ಜೀವನದ ವಿವರ ಕೇಳುವುದು ಮರೆತೇಹೋಗಿತ್ತು. ಚಿಂತೆಯಿಲ್ಲ! ಕಲಾವಿದರ ಜೀವನ ಹೇಗಿರುತ್ತದೆಂದು ನನಗೆ ಗೊತ್ತಿಲ್ಲವೇ?

ಪ್ರದರ್ಶನದ ದಿನ ಮೈಕಿನ ಮುಂದೆ ನಿಂತು, “ಬಾಲ್ಯದಲ್ಲಿ ತುತ್ತು ಅನ್ನಕ್ಕೂ ಗತಿಯಿರದ ಈ ಮಹನೀಯರು...” ಎಂದು ಶುರು ಮಾಡಿದೆ.

ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಾಸ್ತರರ ವೃದ್ಧ ತಾಯಿ ಎದ್ದುನಿಂತರು.

“ಏ ತಮ್ಮಾ, ಯಾರ ಸುದ್ದಿ ಹೇಳಾಕತ್ತೀ? ಮನ್ಯಾಗ ಆರು ಎಮ್ಮಿ ಇದ್ದವು! ಇವ ತುಪ್ಪಾ ತಿಂದು ಬೆಳದಾನ!”

ಸಭೆ ಗೊಳ್ಳೆಂದಿತು. ನಾನು ಜೀವನವನ್ನು ಅಲ್ಲಿಗೇ ಬಿಟ್ಟು ಚಿತ್ರಕ್ಕೆ ಜಿಗಿದೆ. ಮಾಸ್ತರರು ಅಂದು ಬೆಳಿಗ್ಗೆಯಷ್ಟೇ ತಂದ ಹೊಸ ಚಿತ್ರ. ಕೋಟು ತೊಟ್ಟ ಮನುಷ್ಯ. ತಲೆಯ ಜಾಗದಲ್ಲಿ ಖಾಲಿ ಕೊಡ. ಕೊಡದ ಬಾಯಿಂದ ಹಾರುವ ಗುಬ್ಬಿಗಳ ಹಿಂಡು. ಎದುರಿನ ಕುರ್ಚಿಯಲ್ಲಿ ಎರಡು ಕಿವಿ ಕುಳಿತಿವೆ. ಬರೀ ಕಿವಿ!

“ಒಳಗೆ ಏನೂ ಇಲ್ಲದವನ ಗದ್ದಲ ನೋಡಿ! ಅದನ್ನು ಸಹಿಸುತ್ತಿರುವ ಕಿವಿಗಳ ಸಂಕಟ ನೋಡಿ! ಇಂಥವರು ನಮ್ಮ ನಡುವೆಯೇ ಇದ್ದಾರೆ!” ಎಂದು ಗುಡುಗಿದೆ.

ಹೆಂಡತಿ ಶಾಂತಾ ವೇದಿಕೆಗೇ ಬಂದು ಪಿಸುಗುಟ್ಟಿದಳು: “ರೀ, ಸಾಕ್ ಮಾಡ್ರಿ. ಆ ಕೋಟಿನ ಗುಂಡಿ ನೋಡ್ರಿ. ಕರೀ ದಾರ ಸಿಗಲಾರದ್ದಕ್ಕ ನೀಲಿ ದಾರದಾಗ ನಾನ ಹೊಲದದ್ದು.”

ಮೈಕು ಅದನ್ನು ಇಡೀ ಸಭೆಗೆ ಕೇಳಿಸಿತು. ಚಿತ್ರ ನೋಡಿದೆ. ಖಾನಾಪುರಕ್ಕೂ ತೊಟ್ಟು ಹೋಗಿದ್ದ ನನ್ನ ಮೈಮೇಲಿನ ಕೋಟು ನೋಡಿಕೊಂಡೆ. ಅದೇ ಗುಂಡಿ, ಅದೇ ದಾರ!

ಮಾಸ್ತರರು ಎದ್ದು ಕೈಮುಗಿದರು. “ಸಿಟ್ಟಾಗಬ್ಯಾಡ್ರಿ. ನೀವು ಬಂದು ಹೋದ ದಿನ ಈ ಕನಸು ಬಿತ್ತು. ಕಿವಿ ನನ್ನೂವ. ಆದ್ರ ಖರೇ ಹೇಳತೀನಿ, ನನ್ನ ಚಿತ್ರಾ ಇಷ್ಟು ಬರೋಬ್ಬರಿ ಯಾರೂ ತಿಳ್ಕೊಂಡಿರಲಿಲ್ಲ!”

ಹೇಳುವಾಗ ಅವರ ಕಣ್ಣು ತುಂಬಿದ್ದವು. ಅಂದು ಜನ ಆ ಚಿತ್ರದ ಮುಂದೆ ಸಾಲುಗಟ್ಟಿ ನಿಂತರು.

ನನಗೂ ಹೆಮ್ಮೆಯೇ. ನನ್ನ ವಿಮರ್ಶೆಗಳಲ್ಲಿ ಯಾರೂ ಆಕ್ಷೇಪ ಎತ್ತದೆ ಒಪ್ಪಿದ್ದು ಅದೊಂದನ್ನೇ! ಮಾಸ್ತರರು ಆ ಚಿತ್ರವನ್ನು ನನಗೇ ಕೊಟ್ಟರು. ಈಗದು ಖಾಸಬಾಗದ ನಮ್ಮ ಮನೆಯ ಪಡಸಾಲೆಯಲ್ಲಿದೆ. ಬಂದವರು ಕೊಡವನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ.

“ಮುಖಾ ಭಾಳ ಛಲೋ ಬಂದೈತ್ರಿ!”

ನಾನು ಥ್ಯಾಂಕ್ಸ್ ಹೇಳುತ್ತೇನೆ.