ಅತ್ತೆಯ ಕಂಟ್ರೋಲರ್

ಕಳೆದ ಹನ್ನೊಂದು ವರ್ಷದಿಂದ ಅತ್ತೆ ತನಗೆ ಒಂದೇ ಒಂದು ಕೆಲಸ ಹೇಳಿಲ್ಲ ಎಂಬ ಕೊರಗು ಅಳಿಯನಿಗಿತ್ತು. ಹೇಳದಿರುವುದಕ್ಕೆ ಕಾರಣವೂ ಇತ್ತು. ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೋದವನು ಯಾರದೋ ಸೂಟ್‌ಕೇಸ್ ಹೊತ್ತುಕೊಂಡು ಮನೆಗೆ ಬಂದಿದ್ದ. ಅತ್ತೆ ಇನ್ನೂ ನಿಲ್ದಾಣದಲ್ಲೇ ಕಾಯುತ್ತಿದ್ದರು. ಮರುವರ್ಷ ಅವರ ಮಂಡಿಗೆ ಹಚ್ಚುವ ಎಣ್ಣೆ ತರಲು ಹೋಗಿ ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆ ತಂದ. ಅಂದಿನಿಂದ ಏನಿದ್ದರೂ ಅತ್ತೆ ದೊಡ್ಡ ಅಳಿಯನಿಗೆ, ಅಂದರೆ ಇವನ ಷಡ್ಡಕನಿಗೆ, ಫೋನ್ ಮಾಡುತ್ತಿದ್ದರು. ಷಡ್ಡಕ ಸೇತುವೆ ಕಟ್ಟುವ ಎಂಜಿನಿಯರು. ಅವನು ಕಟ್ಟಿದ ಸೇತುವೆ ಬಿದ್ದಿರಲಿಲ್ಲ, ತಂದ ಎಣ್ಣೆ ತಪ್ಪಿರಲಿಲ್ಲ.

ಅಂಥ ಅತ್ತೆ ಆ ಶನಿವಾರ ಬೆಳಿಗ್ಗೆ, ಅಳಿಯ ಚಪ್ಪಲಿ ಮೆಟ್ಟಿಕೊಳ್ಳುತ್ತಿರುವಾಗ, ತಾವಾಗಿಯೇ ಬಾಗಿಲ ಬಳಿ ಬಂದು ವಿಡಿಯೋ ಗೇಮಿನ ಕಂಟ್ರೋಲರನ್ನು ಅವನ ಕೈಗಿಟ್ಟರು.

"ಇದರಲ್ಲಿ ಚಾರ್ಜ್ ಇಲ್ಲ, ಅಳಿಯಂದ್ರೆ. ವೈರು ಎಲ್ಲಿ ಹೋಯ್ತೋ ಕಾಣ್ತಿಲ್ಲ. ಸಂಜೆ ಆರಕ್ಕೆ ತಂಗಿ ಜೊತೆ ಆಟ ಇದೆ. ಅಷ್ಟರೊಳಗೆ ಹೇಗಾದ್ರೂ ಮಾಡಿ ಚಾರ್ಜ್ ಮಾಡ್ಕೊಂಡು ಬನ್ನಿ."

"ನನಗೇ ಹೇಳ್ತಿದ್ದೀರಾ ಅತ್ತೆ?"

"ನಿಮಗಲ್ದೆ ಇನ್ಯಾರಿಗೆ ಹೇಳ್ಲಿ?"

ಅತ್ತೆ ನಲವತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಊರಿನ ಅರ್ಧ ಗುಮಾಸ್ತರ ಬೆರಳಿಗೆ ಅಕ್ಷರ ಹತ್ತಿಸಿದ್ದು ತಾವೇ ಎಂದು ಹೇಳಿಕೊಳ್ಳುತ್ತಿದ್ದರು. ಅದು ಸುಳ್ಳೂ ಅಲ್ಲ. ಶಾಲೆ ಮುಚ್ಚಿ ಮಗಳ ಮನೆಗೆ ಬಂದ ಮೇಲೆ ಅವರ ಬೆರಳುಗಳು ಕೆಲಸವಿಲ್ಲದೆ ಸೋಫಾದ ತೋಳಿನ ಮೇಲೆ ಸುಮ್ಮನೆ ಬಡಿಯುತ್ತಿದ್ದವು. ಅದನ್ನು ನೋಡಲಾರದೆ ಷಡ್ಡಕ ಒಂದು ಆಟದ ಪೆಟ್ಟಿಗೆ ತಂದು ಟಿವಿಗೆ ಜೋಡಿಸಿದ. ಇನ್ನೊಂದನ್ನು ಬೇರೆ ಊರಿನಲ್ಲಿದ್ದ ಅವರ ತಂಗಿ ಚಿಕ್ಕತ್ತೆಗೆ ಕಳಿಸಿದ. ಅಂದಿನಿಂದ ಪ್ರತಿ ಶನಿವಾರ ಸಂಜೆ ಆರಕ್ಕೆ ಅಕ್ಕತಂಗಿಯರು ತಂತಮ್ಮ ಮನೆಯಲ್ಲಿ ಕೂತು ಒಂದೇ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದರು. ಎರಡು ವರ್ಷದಲ್ಲಿ ಅತ್ತೆ ಒಮ್ಮೆಯೂ ಸೋತಿರಲಿಲ್ಲ. ಕಳೆದೆರಡು ಶನಿವಾರ ಮಾತ್ರ ಆಟ ನಡೆದಿರಲಿಲ್ಲ. ಒಂದು ವಾರ ಅತ್ತೆಗೆ ತಲೆನೋವು, ಇನ್ನೊಂದು ವಾರ ಇಂಟರ್ನೆಟ್ ಕೈಕೊಟ್ಟಿತ್ತು. ಈ ಸಲ ಬಿಡೋದಿಲ್ಲ ಎಂದು ಚಿಕ್ಕತ್ತೆ ಫೋನಿನಲ್ಲಿ ಹೇಳಿದ್ದು ಮನೆಗೆಲ್ಲ ಕೇಳಿಸಿತ್ತು.

"ಭಾವನಿಗೆ ಹೇಳ್ಬಾರ್ದಿತ್ತಾ ಅಮ್ಮ?" ಎಂದು ಹೆಂಡತಿ ತನ್ನ ಕೆಲಸದ ಚೀಲ ಹುಡುಕುತ್ತಲೇ ಕೇಳಿದಳು.

"ಅಮ್ಮ ನನಗೆ ಹೇಳಿದ್ದಾರೆ," ಎಂದ ಅಳಿಯ. ಮಂತ್ರಿಗಿರಿ ಸಿಕ್ಕವನು ಕೂಡ ಅಷ್ಟು ಗಂಭೀರವಾಗಿ ಮಾತಾಡಿರಲಾರ.

ತನ್ನ ಫೋನಿನ ವೈರನ್ನು ಚುಚ್ಚಿ ನೋಡಿದ. ಅದು ಹೊಸ ಕಾಲದ್ದು, ದುಂಡು ಅಂಚಿನದು. ಕಂಟ್ರೋಲರಿನ ಬಾಯಿ ಹಳೆ ಕಾಲದ್ದು, ಸಪೂರ. ಹೆಂಡತಿಯ ವೈರೂ ಹೊಸದೇ. ಬೀದಿಯಲ್ಲಿ ಕೊಂಡರಾಯಿತು ಎಂದು ಕಂಟ್ರೋಲರನ್ನು ಕೈಯಲ್ಲೇ ಹಿಡಿದು ಹೊರಟ. ಅದೇ ಅವನು ಮಾಡಿದ ಮೊದಲ ತಪ್ಪು. ನಾಲ್ಕು ಮಹಡಿಯ ಕಟ್ಟಡದಲ್ಲಿ ಕೈಯಲ್ಲೊಂದು ವಸ್ತು ಹಿಡಿದು ಮೆಟ್ಟಿಲಿಳಿದರೆ ಅದು ಸಾರ್ವಜನಿಕ ವಿಷಯವಾಗುತ್ತದೆ.

ಎರಡನೇ ಮಹಡಿಯಲ್ಲಿ ಕಟ್ಟಡದ ಸಂಘದ ಕಾರ್ಯದರ್ಶಿ ಪತ್ರಿಕೆ ಓದುತ್ತ ನಿಂತಿದ್ದರು.

"ಏನದು?"

"ಅತ್ತೆಯವರ ಕಂಟ್ರೋಲರ್ ಸಾರ್. ವೈರ್‌ಲೆಸ್. ಚಾರ್ಜ್ ಮಾಡ್ಬೇಕು, ವೈರು ಸಿಕ್ತಿಲ್ಲ."

"ವೈರ್‌ಲೆಸ್ ಅಂತೀರಿ, ವೈರು ಹುಡುಕ್ತೀರಿ." ಕಾರ್ಯದರ್ಶಿ ಪತ್ರಿಕೆ ಮಡಚಿದರು. "ಬಿಸಿಲಿಗಿಡಿ. ನಮ್ಮನೆ ಟಿವಿ ರಿಮೋಟಿನ ಸೆಲ್ಲು ಸತ್ತಾಗೆಲ್ಲ ನಾನು ಬಿಸಿಲಿಗಿಡ್ತೀನಿ. ಎದ್ದು ಕೂರುತ್ತೆ."

"ಇದಕ್ಕೆ ಸೆಲ್ಲು ಒಳಗೇ ಇದೆ ಸಾರ್, ತೆಗೆಯೋಕೆ ಬರಲ್ಲ."

"ಹಾಗಾದ್ರೆ ಪೂರ್ತಿ ಇಡಿ."

ಹಿರಿಯರ ಮಾತು ತೆಗೆದುಹಾಕುವ ಎದೆಗಾರಿಕೆ ಅಳಿಯನಿಗಿರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಕಂಟ್ರೋಲರನ್ನು ಬಿಸಿಲಿಗಿಟ್ಟು ಇಬ್ಬರೂ ಹತ್ತು ನಿಮಿಷ ಅದನ್ನೇ ನೋಡುತ್ತ ನಿಂತರು. ಅದು ಬಿಸಿಯಾಯಿತು. ಬೇರೇನೂ ಆಗಲಿಲ್ಲ.

ಕೆಳಮನೆಯ ಹೊಲಿಗೆಯಮ್ಮ ಇದನ್ನೆಲ್ಲ ಕೇಳಿಸಿಕೊಂಡು ಒಂದು ಬಟ್ಟೆಯ ಚೀಲ ತಂದು ಮೆಟ್ಟಿಲ ಮೇಲೆ ಸುರಿದರು. ಹಳೆಯ ವೈರುಗಳ ಗಂಟು. ಸತ್ತ ಫೋನನ್ನು ಜನ ಎಸೆಯುತ್ತಾರೆ, ಅದರ ವೈರನ್ನು ಎಸೆಯುವ ಧೈರ್ಯ ಮಾತ್ರ ಯಾರಿಗೂ ಬರುವುದಿಲ್ಲ. ಎಂದೋ ಒಂದು ದಿನ ಬೇಕಾದೀತು ಎಂದು ಇಟ್ಟುಕೊಳ್ಳುತ್ತಾರೆ. ಆ ಒಂದು ದಿನ ಬಂದಿದ್ದಕ್ಕೆ ಹೊಲಿಗೆಯಮ್ಮನಿಗೆ ಸಂತೋಷವಾಗಿತ್ತು. ಇಬ್ಬರೂ ಕೂತು ಅರ್ಧ ಗಂಟೆ ಗಂಟು ಬಿಡಿಸಿದರು. ಏಳನೆಯ ವೈರು ಕಂಟ್ರೋಲರಿನ ಬಾಯಿಗೆ ಸರಿಯಾಗಿ ಕೂತಿತು. ಹೊಲಿಗೆಯಮ್ಮನ ಮನೆಯ ಪ್ಲಗ್ಗಿಗೆ ಹಾಕಿದರೆ ಕೇಸರಿ ದೀಪ ಒಮ್ಮೆ ಮಿನುಗಿ ಆರಿತು.

"ಈ ವೈರಿಗೆ ಕತ್ತು ನೋವು," ಎಂದರು ಹೊಲಿಗೆಯಮ್ಮ. "ಎಡಕ್ಕೆ ವಾಲಿಸಿ ಹಿಡ್ಕೊಂಡಿದ್ರೆ ಉರಿಯುತ್ತೆ. ಬಿಟ್ರೆ ಆರುತ್ತೆ."

"ಎಷ್ಟೊತ್ತು ಹಿಡ್ಕೋಬೇಕು?"

"ಮೂರು ಗಂಟೆ ಆಗಬಹುದು. ನಾನೇ ಹಿಡ್ಕೋತಿದ್ದೆ, ಆದ್ರೆ ನನಗೆ ಎರಡು ರವಿಕೆ ಇವತ್ತೇ ಕೊಡಬೇಕು."

ದಾರಿಯಲ್ಲಿ ಫೋನ್ ಅಂಗಡಿಯವನು ಆ ಸಪೂರ ಬಾಯಿಯ ವೈರು ನಿನ್ನೆಯಷ್ಟೇ ಖಾಲಿಯಾಯಿತು, ಸೋಮವಾರ ಬನ್ನಿ ಎಂದ. ಸೋಮವಾರಕ್ಕೂ ಶನಿವಾರಕ್ಕೂ ನಡುವೆ ಹನ್ನೊಂದು ವರ್ಷದ ಕೊರಗು ನಿಂತಿತ್ತು. ಅಳಿಯ ಕತ್ತುನೋವಿನ ವೈರನ್ನೇ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದ, ಮುಕ್ಕಾಲು ಗಂಟೆ ತಡವಾಗಿ.

ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ಪಕ್ಕದ ಕತ್ತಲ ಕೋಣೆಯಲ್ಲಿ ಕಣ್ಣಿನ ಡಾಕ್ಟರಮ್ಮ, ಮುಂದೆ ಗಲ್ಲಾದಲ್ಲಿ ಯಜಮಾನರು. ಅಳಿಯ ಮೊದಲು ಗಲ್ಲಾದ ಕಂಪ್ಯೂಟರಿಗೆ ವೈರು ಚುಚ್ಚಿ, ಕಂಟ್ರೋಲರನ್ನು ಎಡಕ್ಕೆ ವಾಲಿಸಿ, ಎರಡು ಕನ್ನಡಕದ ಡಬ್ಬಿಗಳ ನಡುವೆ ಸಿಕ್ಕಿಸಿದ. ದೀಪ ಉರಿಯಿತು. ನೆಮ್ಮದಿಯಿಂದ ಒಳಗೆ ಹೋಗಿ ಎರಡು ಜೊತೆ ಗಾಜು ಉಜ್ಜಿ ಬರುವಷ್ಟರಲ್ಲಿ ಆರಿತ್ತು.

"ಗಿರಾಕಿ ಇಲ್ಲ ಅಂತ ಕಂಪ್ಯೂಟರ್ ಮಲಗ್ತು," ಎಂದರು ಯಜಮಾನರು. "ಅದು ಮಲಗಿದ್ರೆ ಇದೂ ಮಲಗುತ್ತೆ. ನೀನು ಎದ್ದಿದ್ದೀಯಲ್ಲ, ಹೋಗಿ ಕೆಲಸ ನೋಡು."

"ಗೋಡೆಯ ಪ್ಲಗ್ಗಿಗೆ ಹಾಕಿ," ಎಂದು ಡಾಕ್ಟರಮ್ಮ ಕತ್ತಲಿಂದಲೇ ಹೇಳಿದರು.

"ಗೋಡೆ ಪ್ಲಗ್ಗಿನಲ್ಲಿ ಜೋರು ಜಾಸ್ತಿ, ಸುಟ್ಟು ಹೋಗುತ್ತೆ," ಎಂದರು ಯಜಮಾನರು.

ಕನ್ನಡಕ ಬದಲಾಯಿಸಲು ಬಂದಿದ್ದ ಗಿರಾಕಿಯೊಬ್ಬರು ತಮ್ಮ ತಮ್ಮನ ಮಗಳ ಕಂಟ್ರೋಲರು ಹೇಗೆ ಸುಡಲಿಲ್ಲ ಎಂಬುದನ್ನು ವಿವರಿಸಿದರು. ಇನ್ನೊಬ್ಬರು ಕಂಟ್ರೋಲರನ್ನು ನಿಲ್ಲಿಸಿದರೆ ಸಾಕು, ತಾನೇ ಚಾರ್ಜಾಗುವ ಪೀಠವೊಂದು ಸಿಗುತ್ತದೆ ಎಂದರು. ಎಲ್ಲಿ ಸಿಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ತಲೆಗೊಂದು ಮಾತಾಗಿ ಗಡಿಯಾರ ಒಂದು ಹೊಡೆಯಿತು. ಕೊನೆಗೆ ಡಾಕ್ಟರಮ್ಮನ ಮಾತೇ ಗೆದ್ದಿತು. ಗೋಡೆಯ ಪ್ಲಗ್ಗಿಗೆ ಹಾಕುವುದೆಂದಾಯಿತು. ಹಿಡಿದುಕೊಳ್ಳುವವರು ಯಾರು?

ಕಣ್ಣಿಗೆ ಔಷಧಿ ಹನಿಸಿಕೊಂಡು ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಅಜ್ಜನೊಬ್ಬರು ಕೈ ಚಾಚಿದರು.

"ಇಲ್ಲಿ ಕೊಡಪ್ಪ. ನನಗೆ ಹೇಗೂ ಒಂದು ಗಂಟೆ ಬೇರೆ ಕೆಲಸ ಇಲ್ಲ."

ಅಜ್ಜ ಹಿಡಿದ ನಿಷ್ಠೆಯನ್ನು ಮೆಚ್ಚಲೇಬೇಕು. ಕೆಮ್ಮು ಬಂದರೂ ಕೈ ಅಲುಗಿಸಲಿಲ್ಲ. ಒಂದು ಗಂಟೆಯ ಮೇಲೆ ಡಾಕ್ಟರಮ್ಮ ಅವರನ್ನು ಒಳಗೆ ಕರೆದಾಗ ಅಳಿಯ ಕೃತಜ್ಞತೆಯಿಂದ ಕಂಟ್ರೋಲರ್ ತೆಗೆದುಕೊಂಡು ನೋಡಿದ. ಪ್ಲಗ್ಗಿನ ಸ್ವಿಚ್ಚನ್ನು ಯಾರೂ ಹಾಕಿರಲಿಲ್ಲ. ಹಾಕಬೇಕಾಗಿದ್ದವನು ತಾನೇ ಎಂಬುದೂ ಅವನಿಗೆ ಆಗಲೇ ನೆನಪಾಯಿತು.

ಈ ಗಡಿಬಿಡಿಯಲ್ಲಿ ಅವನು ಒಬ್ಬರ ಬಲಗಣ್ಣಿನ ಗಾಜನ್ನು ಎಡಕ್ಕೆ ಕೂರಿಸಿದ್ದ. ಯಜಮಾನರು ಆ ಕನ್ನಡಕವನ್ನು ಅವನ ಮುಂದಿಟ್ಟು, ಬೈಯದೆ, ಸುಮ್ಮನೆ ನಿಂತರು. ಬೈದಿದ್ದರೆ ಚೆನ್ನಾಗಿತ್ತು. ಅಳಿಯ ಊಟದ ಡಬ್ಬಿ ಬಿಚ್ಚದೆ ಅದನ್ನು ಮತ್ತೆ ಮಾಡಲು ಕೂತ. ಷಡ್ಡಕನಿಗೆ ಫೋನ್ ಮಾಡಿಬಿಡೋಣ ಎಂದು ಒಮ್ಮೆ ಅನ್ನಿಸಿತು. ಫೋನನ್ನು ಕೈಗೆ ತೆಗೆದುಕೊಂಡು ಮತ್ತೆ ಮೇಜಿನ ಮೇಲಿಟ್ಟ. ಕೆಲವರು ಹುಟ್ಟುವಾಗಲೇ ಸರಿಯಾದ ಎಣ್ಣೆ ಹಿಡಿದು ಹುಟ್ಟಿರುತ್ತಾರೆ, ಉಳಿದವರು ಅವರನ್ನು ನೋಡುತ್ತ ಬದುಕಬೇಕು ಎಂದುಕೊಂಡ. ಆ ಯೋಚನೆಯಲ್ಲಿ ಹೊಟ್ಟೆಕಿಚ್ಚಿಗಿಂತ ದಣಿವೇ ಹೆಚ್ಚಿತ್ತು.

ಹಾಗೆ ಯೋಚಿಸುತ್ತಲೇ ಅವನ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಕನ್ನಡಕದ ಕಡ್ಡಿಯನ್ನು ಮೆತ್ತಗಾಗಿಸಲು ಬಿಸಿ ಮಣಿಗಳ ತಟ್ಟೆಯೊಂದಿರುತ್ತದೆ. ಅದರಲ್ಲಿ ಹುದುಗಿಸಿ ತೆಗೆದರೆ ಕಡ್ಡಿಯನ್ನು ಬೇಕಾದ ಕಡೆಗೆ ಬಾಗಿಸಬಹುದು, ಆರಿದ ಮೇಲೆ ಹಾಗೆಯೇ ನಿಲ್ಲುತ್ತದೆ. ಅವನು ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ. ಕಡ್ಡಿಯನ್ನು ಎಡಕ್ಕೆ ಬಾಗಿಸಿದ. ಬಾಗಿದ ಕಡ್ಡಿಯನ್ನೇ ನೋಡಿದ.

ಹಳೆಯ ಫ್ರೇಮೊಂದರ ಕಡ್ಡಿ ತೆಗೆದು ಮಣಿಗಳಲ್ಲಿ ಹುದುಗಿಸಿ, ವೈರಿನ ಕತ್ತಿಗೆ ಎಷ್ಟು ವಾಲಿಸಿದರೆ ದೀಪ ಉರಿಯುವುದೋ ಅಷ್ಟೇ ಬಾಗಿಸಿದ. ಕಿವಿಯ ಬಳಿ ಹಾಕುವ ರಬ್ಬರ್ ಕೊಳವೆಯನ್ನು ಮೇಲೆ ಏರಿಸಿ ಬಿಗಿದ. ಮೂಳೆ ಮುರಿದವರಿಗೆ ಪಟ್ಟಿ ಕಟ್ಟಿದ ಹಾಗಾಯಿತು. ಸ್ವಿಚ್ಚನ್ನು ಹಾಕಿದ, ಹಾಕಿದ್ದೇನೆಯೇ ಎಂದು ಎರಡು ಸಲ ನೋಡಿಕೊಂಡ. ಕೇಸರಿ ದೀಪ ಹತ್ತಿತು. ಕೈ ಬಿಟ್ಟ. ಉರಿಯುತ್ತಲೇ ಇತ್ತು.

ಎರಡೂವರೆಯಿಂದ ಐದೂಕಾಲಿನವರೆಗೆ ಅವನು ಗಾಜು ಉಜ್ಜುತ್ತ ನಡುನಡುವೆ ಆ ದೀಪದ ಕಡೆ ನೋಡಿದ. ತಾನು ಮಾಡಿದ್ದೊಂದು, ಯಾರ ಸಹಾಯವೂ ಇಲ್ಲದೆ, ತನ್ನ ಪಾಡಿಗೆ ಸರಿಯಾಗಿ ನಡೆಯುತ್ತಿದೆ. ಇಷ್ಟಕ್ಕೇ ಇಷ್ಟೊಂದು ಹಿಗ್ಗಿದ್ದಕ್ಕೆ ಅವನಿಗೇ ನಾಚಿಕೆಯಾಯಿತು. ದೀಪ ಆರಿದಾಗ ಓಡಿಹೋಗಿ ಸ್ವಿಚ್ಚನ್ನು ಮತ್ತೆ ನೋಡಿದ. ತುಂಬಿದ ಮೇಲೆ ಆರುವುದೇ ಅದರ ಲಕ್ಷಣ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು.

ಆರಕ್ಕೆ ಹತ್ತು ನಿಮಿಷವಿರುವಾಗ ಅವನು ಮನೆ ಹೊಕ್ಕ. ಹೆಂಡತಿ ಇನ್ನೂ ಬಂದಿರಲಿಲ್ಲ. ಅತ್ತೆ ಟಿವಿಯ ಮುಂದೆ ಕೈಕಟ್ಟಿ ಕೂತಿದ್ದರು.

"ಆಗ್ಲಿಲ್ಲ ಅಲ್ವಾ?" ಎಂದರು. "ಪರವಾಗಿಲ್ಲ ಬಿಡಿ. ತಂಗಿಗೆ ಹೇಳ್ತೀನಿ."

"ಆಯ್ತು ಅತ್ತೆ. ಪೂರ್ತಿ ಆಯ್ತು."

ಅತ್ತೆ ಕಂಟ್ರೋಲರಿನ ಗುಂಡಿ ಒತ್ತಿದರು. ಟಿವಿಯ ಮೂಲೆಯಲ್ಲಿ ಬ್ಯಾಟರಿಯ ಚಿತ್ರ ತುಂಬಿಕೊಂಡು ನಿಂತಿತು. ಅದನ್ನು ನೋಡಿ ಅವರ ಮುಖ ಇಳಿಯಿತು. ಅಳಿಯ ಬೆಳಗಿನಿಂದ ಆ ಮುಖ ಅರಳುವುದನ್ನು ಎಷ್ಟು ಸಲ ಊಹಿಸಿಕೊಂಡಿದ್ದನೋ.

"ಏನಾಯ್ತು ಅತ್ತೆ?"

ಅತ್ತೆ ದಿಂಬಿನ ಹಿಂದೆ ಕೈಹಾಕಿ ಸುತ್ತಿಟ್ಟಿದ್ದ ವೈರೊಂದನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಕಳೆದುಹೋಗಿದೆ ಎಂದಿದ್ದ ವೈರು.

"ಹೇಳಿ ನೋಡೋಣ. ದೊಡ್ಡ ಅಳಿಯಂದ್ರನ್ನ ಬಿಟ್ಟು ನಿಮ್ಮ ಕೈಗೇ ಯಾಕೆ ಕೊಟ್ಟೆ?"

ಕೆಡಿಸಿಕೊಂಡು ಬರಲಿ ಎಂದೇ ಕೊಟ್ಟಿದ್ದರು ಎಂದು ಅಳಿಯನಿಗೆ ನಿಧಾನಕ್ಕೆ ಹೊಳೆಯಿತು. ಅವನು ಕುರ್ಚಿಯ ಮೇಲೆ ಕೂತ.

ಅತ್ತೆ ಬಲಗೈಯನ್ನು ಮುಂದೆ ಚಾಚಿ ಹೆಬ್ಬೆರಳನ್ನು ಮಡಿಸಲು ನೋಡಿದರು. ಅದು ಅರ್ಧದಲ್ಲೇ ನಿಂತಿತು. "ಮೂರು ವಾರ ಆಗ್ತಾ ಬಂತು. ಒತ್ತು ಅಂದ್ರೆ ಒತ್ತಲ್ಲ. ಒತ್ತಿದ್ರೆ ಬಿಡಲ್ಲ. ಮಕ್ಕಳಿಗೆ ಹೇಳಿದ್ರೆ ಆಸ್ಪತ್ರೆ ಅಂತಾರೆ, ತಂಗಿಗೆ ಹೇಳಿದ್ರೆ ಅಯ್ಯೋ ಅಂತಾಳೆ. ನನ್ನ ಬೆರಳು ನೋಡಿ ಯಾರೂ ಇದುವರೆಗೆ ಅಯ್ಯೋ ಅಂದಿಲ್ಲ, ಅಳಿಯಂದ್ರೆ. ಕುಣಿಯಲಾರದವಳಿಗೆ ನೆಲವಾದ್ರೂ ಡೊಂಕಿರಬೇಕು. ನೀವು ನೆಲಾನೂ ನೆಟ್ಟಗೆ ಮಾಡ್ಕೊಂಡು ಬಂದ್ರಿ."

"ಮೇನ್ ಸ್ವಿಚ್ ಆರಿಸಿಬಿಡ್ಲಾ ಅತ್ತೆ?"

ಅಷ್ಟರಲ್ಲಿ ಟಿವಿಯೊಳಗಿಂದ ಚಿಕ್ಕತ್ತೆಯ ದನಿ ಬಂತು. "ಅಕ್ಕಾ, ಬಂದ್ಯಾ? ನಿನ್ನ ಕಾರು ಕಾಣ್ತಿದೆ."

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅತ್ತೆ ಬೆನ್ನು ನೆಟ್ಟಗೆ ಮಾಡಿ, ಟೈಪ್ ಯಂತ್ರದ ಮುಂದೆ ಕೂರುವಂತೆ ಕೂತರು. ಮೊದಲ ಸುತ್ತು ಸರಿಯಾಗಿಯೇ ಹೋಯಿತು. ಎರಡನೇ ಸುತ್ತಿನ ತಿರುವಿನಲ್ಲಿ ಹೆಬ್ಬೆರಳು ಗುಂಡಿಯ ಮೇಲೆ ಕೂತದ್ದು ಏಳಲಿಲ್ಲ. ಕಾರು ನೆಟ್ಟಗೆ ಹೋಗಿ ಗೋಡೆಗೆ ಬಡಿದು, ಅಲ್ಲೇ ಗೋಡೆಯನ್ನು ತಳ್ಳುತ್ತ ನಿಂತಿತು. ಅತ್ತೆ ಎಡಗೈಯಿಂದ ಬಲಗೈಯ ಹೆಬ್ಬೆರಳನ್ನು ಎತ್ತಿದರು. ಚಿಕ್ಕತ್ತೆಯ ಕೆಂಪು ಕಾರು ಪಕ್ಕದಲ್ಲೇ ಹಾದು ಗುರಿ ಮುಟ್ಟಿತು.

"ಅಕ್ಕಾ," ಎಂದರು ಚಿಕ್ಕತ್ತೆ. ಗೆದ್ದವರ ದನಿಯಲ್ಲಿ ಖುಷಿಗಿಂತ ಅನುಮಾನವಿತ್ತು. "ಏನಾಯ್ತು ನಿನಗೆ? ಹುಷಾರಾಗಿದ್ದೀಯಾ ತಾನೇ?"

ಅತ್ತೆ ಕಂಟ್ರೋಲರನ್ನು ಮಡಿಲಿಗಿಟ್ಟು ಹೆಬ್ಬೆರಳನ್ನು ಉಜ್ಜಿದರು. ಅಳಿಯ ತನ್ನ ಕೈಯಲ್ಲಿದ್ದ, ಕಡ್ಡಿ ಕಟ್ಟಿದ ವೈರನ್ನು ಒಮ್ಮೆ ನೋಡಿದ. ಇಡೀ ದಿನದ ದುಡಿಮೆ, ಅಪರೂಪಕ್ಕೆ ಸರಿಹೋದ ಕೆಲಸ. ಅವನು ಎದ್ದು ಟಿವಿಯ ಹತ್ತಿರ ಹೋದ.

"ಚಿಕ್ಕತ್ತೆ, ನಾನು ಅಳಿಯ. ತಪ್ಪು ನನ್ನದು. ಅತ್ತೆ ಬೆಳಿಗ್ಗೇನೇ ಚಾರ್ಜ್ ಮಾಡೋಕೆ ಕೊಟ್ಟಿದ್ರು. ನಾನು ಸರಿಯಾಗಿ ಮಾಡ್ಲಿಲ್ಲ. ನಡುವೆ ಕೈಕೊಟ್ಟಿತು."

ಚಿಕ್ಕತ್ತೆ ನಕ್ಕರು, ನೆಮ್ಮದಿಯ ನಗು. "ಹಾಗೆ ಹೇಳಿ ಮತ್ತೆ. ನಾನು ಹೆದರಿಬಿಟ್ಟಿದ್ದೆ. ಅಕ್ಕಾ, ನಿನಗೂ ಬುದ್ಧಿ ಇಲ್ಲ, ದೊಡ್ಡ ಅಳಿಯನಿಗೆ ಕೊಡೋದು ಬಿಟ್ಟು. ಇದು ಗೆಲುವಲ್ಲ, ಬಿಡು."

ಏಳು ಗಂಟೆಗೆ ಹೆಂಡತಿ ಬರುವಷ್ಟರಲ್ಲಿ ಸುದ್ದಿ ಚಿಕ್ಕತ್ತೆಯಿಂದ ಷಡ್ಡಕನಿಗೆ, ಷಡ್ಡಕನಿಂದ ಅವಳಿಗೆ ತಲುಪಿತ್ತು. ಮೆಟ್ಟಿಲ ಮೇಲೆ ಕಾರ್ಯದರ್ಶಿಯೂ ಅವಳನ್ನು ತಡೆದು, ಬಿಸಿಲಿಗೆ ಇನ್ನೂ ಸ್ವಲ್ಪ ಹೊತ್ತು ಇಡಬೇಕಾಗಿತ್ತು ಎಂದು ಹೇಳಿ ಕಳಿಸಿದ್ದರು.

"ಹನ್ನೊಂದು ವರ್ಷಕ್ಕೆ ಒಂದು ಕೆಲಸ ಹೇಳಿದ್ರು," ಎಂದಳು ಅವಳು, ಚೀಲವನ್ನೂ ಇಳಿಸದೆ. "ಅದನ್ನೂ ಕೆಡಿಸಿದ್ರಲ್ಲ. ಒಂದು ವೈರು ಚುಚ್ಚೋದು. ಅಷ್ಟೂ ಆಗಲ್ವಾ ನಿಮಗೆ?"

ಅಳಿಯ ಕಡ್ಡಿ ಕಟ್ಟಿದ ವೈರನ್ನು ಜೇಬಿಗಿಳಿಸಿದ. ಇದ್ದದ್ದನ್ನು ಹೇಳುವ ಹಾಗಿರಲಿಲ್ಲ.

"ಅವರನ್ನ ಬೈಬೇಡ," ಎಂದರು ಅತ್ತೆ, ಬಲಗೈಯನ್ನು ಸೆರಗಿನಡಿ ಇಟ್ಟುಕೊಂಡು. "ಮುಂದಿನ ಶನಿವಾರವೂ ಇವರ ಕೈಗೇ ಕೊಡ್ತೀನಿ. ಇವರಷ್ಟು ನಂಬಿಕೆಯ ಮನುಷ್ಯ ನನಗೆ ಇನ್ನೊಬ್ಬರಿಲ್ಲ."

ಅಮ್ಮನಿಗೆ ವಯಸ್ಸಾಯಿತು ಎಂದುಕೊಂಡು ಹೆಂಡತಿ ಒಳಗೆ ಹೋದಳು.