ಲೇಸು ಕಟ್ಟಿದ್ದಕ್ಕೆ ಹತ್ತು, ಕಷ್ಟಪಟ್ಟಿದ್ದಕ್ಕೆ ತೊಂಬತ್ತು

ಕಷ್ಟಪಡದೆ ಮಾಡಿದ ಕೆಲಸವನ್ನು ಕೆಲಸವೆಂದು ಪರಿಗಣಿಸತಕ್ಕದ್ದಲ್ಲ ಎಂಬ ನಿಯಮವು ಆ ಶಾಲೆಯಲ್ಲಿ ಈ ವರ್ಷದಿಂದ ಜಾರಿಗೆ ಬಂದಿದೆ. ನಿಯಮ ಒಳ್ಳೆಯದೇ. ಅದರಿಂದ ಯಾರಿಗೂ ತೊಂದರೆಯಾಗಿಲ್ಲ, ಒಂದು ಮನೆಯವರನ್ನು ಬಿಟ್ಟರೆ.

ಆ ಮನೆಯ ತಾಯಿ ಕಿಟಕಿ ಪರದೆ ಹೊಲಿಯುವವಳು. ಮಗಳು ಎಂಟನೇ ತರಗತಿ, ಮಗ ಗುಂಡ ಒಂದನೆಯದು. ಶಾಲೆಯಿಂದ ಸುತ್ತೋಲೆ ಬಂತು: "ಪ್ರತಿ ವಿದ್ಯಾರ್ಥಿಯು ಮೊದಲು ಒಬ್ಬಂಟಿಯಾಗಿ, ನಂತರ ಗುಂಪಿನಲ್ಲಿ ವಿಡಿಯೋ ತಯಾರಿಸತಕ್ಕದ್ದು. ವಿಡಿಯೋಗೆ ಹತ್ತು ಅಂಕ. ತಯಾರಿಸುವಾಗ ಪಟ್ಟ ಕಷ್ಟದ ಆತ್ಮಾವಲೋಕನಕ್ಕೆ ತೊಂಬತ್ತು. ಅತ್ಯುತ್ತಮವಾದುದನ್ನು ಸಭಾಂಗಣದ ಗೋಡೆಯ ಮೇಲೆ ಪ್ರದರ್ಶಿಸಲಾಗುವುದು."

ಮಗಳು ತಾಯಿಯ ಫೋನು ಹಿಡಿದು, ಗುಂಡ ಶೂ ಲೇಸು ಕಟ್ಟಲು ಕಲಿಯುವುದನ್ನು ಚಿತ್ರಿಸಿದಳು. ಅವನು ನಾಲಿಗೆ ಹೊರಗೆ ಹಾಕಿಕೊಂಡು ಕಟ್ಟುತ್ತಾನೆ, ಬಿಚ್ಚಿಹೋಗುತ್ತದೆ, ಶೂಗೆ ಬೈಯುತ್ತಾನೆ, ಮತ್ತೆ ಕಟ್ಟುತ್ತಾನೆ. ಕೊನೆಗೆ ಗಂಟು ನಿಲ್ಲುತ್ತದೆ. ಎಲ್ಲಿ ಬಿಚ್ಚೀತೋ ಎಂದು ಹೆಜ್ಜೆ ಇಡದೆ ಅಲ್ಲೇ ನಿಂತುಬಿಡುತ್ತಾನೆ.

"ಅಕ್ಕಾ, ನಾನು ಗೋಡೆ ಮೇಲೆ ಬರ್ತೀನಾ?"

"ಬರ್ತೀಯ ಕಣೋ. ಆನೆಯಷ್ಟು ದೊಡ್ಡದಾಗಿ."

ಅಂದಿನಿಂದ ಶೂಗಳೂ ಅವನ ದಿಂಬಿನ ಪಕ್ಕದಲ್ಲೇ ಮಲಗಿದವು.

ಆತ್ಮಾವಲೋಕನದಲ್ಲಿ ಮಗಳು ಬರೆದಳು: "ಕಷ್ಟವೇನೂ ಆಗಲಿಲ್ಲ. ನಗು ಬಂದು ಫೋನು ಅಲುಗಾಡಿತು, ಅಷ್ಟೆ." ಮರುದಿನವೇ ಪ್ರಾಜೆಕ್ಟ್ ಮಿಸ್ಸು ತಾಯಿಯನ್ನು ಕರೆಸಿದರು.

"ನೋಡಿಯಮ್ಮ, ವಿಡಿಯೋ ಚೆನ್ನಾಗಿದೆ. ನಾನೇ ಎರಡು ಸಲ ನೋಡ್ದೆ. ಆದರೆ ನಿಮ್ಮ ಹುಡುಗಿಗೆ ಕಷ್ಟವೇ ಆಗಿಲ್ವಲ್ಲ!"

"ಆಗ್ಲಿಲ್ಲ ಮಿಸ್, ಏನ್ ಮಾಡೋದು? ಮುಂದಿನ ಸಲ ಕೈ ಮುರ್ಕೊಳ್ಳೋಕೆ ಹೇಳ್ತೀನಿ."

"ಅಷ್ಟೆಲ್ಲಾ ಬೇಡ," ಎಂದರು ಮಿಸ್ಸು, ನಿಜಕ್ಕೂ ಕನಿಕರದಿಂದ. "ಮನಸ್ಸಿಗೆ ನೋವಾದರೂ ಸಾಕು. ಗುಂಪಿನಲ್ಲಿ ಆಗುತ್ತೆ ಬಿಡಿ. ಗುಂಪು ಮಾಡೋದೇ ಅದಕ್ಕೆ."

ಗುಂಪು ಪರದೆಯವಳ ಮನೆಯಲ್ಲೇ ಸೇರಿತು. ಪೋಷಕರ ಸಂಘದ ಅಧ್ಯಕ್ಷೆಯ ಮಗ ನಿರ್ದೇಶಕ, ಉಳಿದವರೆಲ್ಲ ಉಪನಿರ್ದೇಶಕರು. ಒಬ್ಬನ ಮನೆಯಿಂದ ಕ್ಯಾಮೆರಾ ಇಡುವ ಮೂರು ಕಾಲಿನ ಸ್ಟ್ಯಾಂಡು ಬಂತು. ಅದರ ಚೀಲವನ್ನು ಯಾರೂ ಬಿಚ್ಚಲಿಲ್ಲ. ಹೆಸರುಗಳು ಯಾವ ಕ್ರಮದಲ್ಲಿ ಬರಬೇಕೆಂದು ಜಗಳವಾಯಿತು, ರಾಜಿಯಾಯಿತು, ಬಿಸ್ಕತ್ತು ಖಾಲಿಯಾಯಿತು. ಮತ್ತೆ ಜಗಳಕ್ಕೆ ಕೂರುವ ಮುಂಚೆ ಮಗಳು ಮೆಲ್ಲಗೆ ಅಂದಳು, "ಏನಾದ್ರೂ ಶೂಟ್ ಮಾಡೋಣ್ವಾ?"

"ಸುಮ್ನಿರೇ ಮಾರಾಯ್ತಿ," ಎಂದ ನಿರ್ದೇಶಕ. "ಈಗ ತಾನೇ ಕಷ್ಟ ಶುರುವಾಗ್ತಿದೆ, ಕೆಡಿಸ್ಬೇಡ."

ಸಂಜೆ ಅವರು ಒಬ್ಬೊಬ್ಬರಾಗಿ ಕಿಟಕಿಯ ಪಕ್ಕ ನಿಂತು, ಗಲ್ಲಕ್ಕೆ ಕೈಕೊಟ್ಟು, ತಾವು ಪಟ್ಟ ಕಷ್ಟವನ್ನು ಫೋನಿನ ಕ್ಯಾಮೆರಾಗೆ ಹೇಳಿಕೊಂಡರು. ಹಿನ್ನೆಲೆಗೆ ತಾಯಿ ಹೊಲಿದಿಟ್ಟ ಗಿರಾಕಿಯ ಪರದೆ ಕಟ್ಟಿದರು.

"ವಿಡಿಯೋ ಎಲ್ಲಪ್ಪಾ?" ತಾಯಿ ಕೇಳಿದಳು.

"ಅದಕ್ಕೆ ಬರೀ ಹತ್ತು ಮಾರ್ಕ್ಸ್ ಆಂಟಿ."

ತಾಯಿ ಮಗಳ ಕಡೆ ತಿರುಗಿದಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ಕೇಳಿದ್ದೆ ಕಣೆ. ಇಲ್ಲಿ ಹೆರಿಗೆ ನೋವಿಗೇ ಬಹುಮಾನ. ಕೂಸು ಇದ್ರೂ ಆಯ್ತು, ಇಲ್ದಿದ್ರೂ ಆಯ್ತು."

ಪ್ರದರ್ಶನದ ದಿನ ಗುಂಡ ಶೂಗೆ ಪಾಲಿಶ್ ಹಾಕಿಸಿಕೊಂಡು, ಲೇಸು ತಾನೇ ಕಟ್ಟಿಕೊಂಡು, ಮುಂದಿನ ಸಾಲಿನಲ್ಲಿ ಗೋಡೆ ನೋಡುತ್ತಾ ಕುಳಿತ. ದೀಪ ಆರಿತು. ಗೋಡೆಯ ಮೇಲೆ ಆನೆಯಷ್ಟು ದೊಡ್ಡದಾಗಿ ನಿರ್ದೇಶಕ ಬಂದ. "ನಮ್ಮ ದೊಡ್ಡ ಸವಾಲೆಂದರೆ," ಎಂದು ಅವನು ಗದ್ಗದಿತನಾದ, "ತಂಡದ ಸದಸ್ಯೆಯೊಬ್ಬಳು ಪದೇಪದೇ ಶೂಟ್ ಮಾಡೋಣ ಎಂದು ಚರ್ಚೆಗೆ ಅಡ್ಡಿಪಡಿಸಿದ್ದು. ಆದರೂ ನಾವು ಎದೆಗುಂದಲಿಲ್ಲ."

ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಧ್ಯಕ್ಷೆ ಕಣ್ಣೊರೆಸಿಕೊಂಡರು. ತೊಂಬತ್ತಕ್ಕೆ ತೊಂಬತ್ತು. ಅಡ್ಡಿಪಡಿಸಿದವಳಿಗೂ ಗುಂಪಿನ ಪಾಲು ಸಿಕ್ಕಿದ್ದರಿಂದ ಅನ್ಯಾಯವಾಯಿತೆಂದು ಯಾರೂ ಹೇಳುವಂತಿಲ್ಲ. ಲೇಸಿನ ವಿಡಿಯೋವನ್ನು ಸಮಯದ ಅಭಾವದಿಂದ ತೋರಿಸಲಾಗಲಿಲ್ಲ. ಉಳಿದ ಸಮಯದಲ್ಲಿ ಹೆಡ್ ಮೇಷ್ಟ್ರು ಸಮಯದ ಮಹತ್ವದ ಬಗ್ಗೆ ಮಾತಾಡಿದರು. ಬರುವ ವರ್ಷದಿಂದ ವಿಡಿಯೋ ಎಂಬ ಭಾಗವನ್ನೇ ಕೈಬಿಟ್ಟು, ಆ ಹತ್ತು ಅಂಕವನ್ನೂ ಕಷ್ಟಕ್ಕೇ ಸೇರಿಸಲಾಗುವುದು ಎಂದು ಘೋಷಿಸಿದರು.

"ನಾನು ಯಾವಾಗ ಬರ್ತೀನಿ?" ಗುಂಡ ಕೇಳಿದ. ದೀಪ ಹತ್ತಿಕೊಂಡಿತು. ಗೋಡೆ ಬರೀ ಗೋಡೆಯಾಯಿತು.

ಮರುದಿನ ಬೆಳಿಗ್ಗೆ ಶಾಲೆಗೆ ಹೊತ್ತಾಗುತ್ತಿತ್ತು. ಮಗಳು ಹೊಸ ಪ್ರಾಜೆಕ್ಟಿಗೆ ಕಷ್ಟಗಳನ್ನು ಮುಂಚಿತವಾಗಿ ಬರೆದಿಡುತ್ತಿದ್ದಳು. "ಅಮ್ಮಾ, 'ಕಣ್ಣೀರು ಸುರಿಸಿದೆವು' ಅಂತ ಹಾಕ್ಲಾ, 'ಕಂಗೆಟ್ಟೆವು' ಸಾಕಾ?"

"ಎರಡೂ ಹಾಕು."

ಗುಂಡ ಮೆಟ್ಟಿಲ ಮೇಲೆ ಕುಳಿತಿದ್ದ. ಎರಡೂ ಶೂಗಳ ಲೇಸು ನೆಲಕ್ಕೆ ಜೋತಾಡುತ್ತಿತ್ತು. ಅವನು ಗಲ್ಲಕ್ಕೆ ಕೈಕೊಟ್ಟಿದ್ದ.

"ಏಯ್, ಕಟ್ಟೋಕೆ ಬರುತ್ತಲ್ಲೋ ನಿಂಗೆ?" ತಾಯಿ ಕೇಳಿದಳು.

"ಬರುತ್ತೆ," ಎಂದ ಗುಂಡ. "ಆದ್ರೆ ಕಟ್ಟಲ್ಲ. ಎಷ್ಟು ಕಷ್ಟ ಅಂತ ಹೇಳ್ತೀನಿ, ಕೇಳು."

 ತಾಯಿ ಮೊಣಕಾಲೂರಿ ಕುಳಿತು, ನಿಯಮದ ಪ್ರಕಾರ ಮೊದಲು ಗಟ್ಟಿಯಾಗಿ "ಉಸ್ಸಪ್ಪಾ" ಅಂದಳು. ಆಮೇಲೆ ಲೇಸು ಕಟ್ಟಿದಳು.