ಗೈಡಿಗೆ ಹೇಳದ ಲಗೇಜು

ತಲೆಗೆ ನೂರಿಪ್ಪತ್ತು ಡಾಲರ್ ಎಂದ ಟೂರ್ ಗೈಡನ್ನು ನಾನು ತೊಂಬತ್ತಕ್ಕೆ ಇಳಿಸಿದೆ. ಹೇಗೆ ಇಳಿಸಿದೆ ಎಂಬುದನ್ನೂ ಹೇಳಿಬಿಡುತ್ತೇನೆ, ಬೇಕಾದವರು ಕಲಿತುಕೊಳ್ಳಲಿ. ಒಂದು, ಅದು ಚಳಿಗಾಲ. ಭೂಮಿಯ ಈ ದಕ್ಷಿಣ ತುದಿಯಲ್ಲಿ ಚಳಿ ಬೀಳುವ ಜೂನ್ ತಿಂಗಳಲ್ಲಿ ಕೇಪ್ ಪ್ಯಾಲಿಸರಿನ ಕಡಲತೀರ ನೋಡಲು ಹೋಗುವವರೇ ಇಲ್ಲ. ಗೈಡಿನ ವ್ಯಾನು ಅವನ ಮನೆ ಮುಂದೆ ಸುಮ್ಮನೆ ನಿಂತಿರುತ್ತದೆ. ಎರಡು, ಟೂರಿನ ಜೊತೆ ಕೊಡುವ ಸ್ಯಾಂಡ್‌ವಿಚ್ಚು ನಮಗೆ ಬೇಡ, ಚಿತ್ರಾನ್ನ ನಾವೇ ತರುತ್ತೇವೆ. ಮೂರನೆಯದೇ ಮುಖ್ಯ. ನಮಗೆ ಹೋಗಲೇಬೇಕಾದ ದರ್ದು ಇದೆ ಎಂಬುದನ್ನು ಎದುರಿನವನಿಗೆ ತೋರಿಸಿಕೊಳ್ಳಬಾರದು. ತೋರಿಸಿದಿರೋ, ಅವನು ಒಂದು ಡಾಲರೂ ಬಿಡುವುದಿಲ್ಲ. ಅಪ್ಪರ್ ಹಟ್ ಎಂಬ ಊರಿನಲ್ಲಿ ನನ್ನದೊಂದು ಡೇರಿ ಇದೆ. ಡೇರಿ ಎಂದರೆ ಇಲ್ಲಿ ಹಾಲಿನ ಕೇಂದ್ರವಲ್ಲ. ಬ್ರೆಡ್ಡು, ಪೇಪರು, ಐಸ್‌ಕ್ರೀಮು ಮಾರುವ ಬೀದಿ ಮೂಲೆಯ ಅಂಗಡಿ. ಕೈಯಲ್ಲಿ ಒಂದು ಸೂಟ್‌ಕೇಸು ಹಿಡಿದು ಬಂದವನು ಅಂಗಡಿ ಇಟ್ಟದ್ದು ಬಾಯಿಯ ಬಲದಿಂದ. ಈ ದೇಶದವರಿಗೆ ಚೌಕಾಸಿ ಎಂದರೆ ನಾಚಿಕೆ. ಹಾಗಾಗಿ ಹಳೇ ಕಾರಿರಲಿ, ಫ್ರಿಜ್ಜಿರಲಿ, ಊರಿಗೆ ಹೋಗುವ ಟಿಕೆಟ್ಟಿರಲಿ, ನಮ್ಮ ಕನ್ನಡದವರು ಮೊದಲು ನನ್ನ ಕೌಂಟರಿನ ಮುಂದೆ ಬಂದು ನಿಲ್ಲುತ್ತಾರೆ.

೨೦೦೬ರಲ್ಲಿ ಉಷಾ ಬಂದು ನಿಂತದ್ದೂ ಹಾಗೆಯೇ. ಆಸ್ಪತ್ರೆಯಲ್ಲಿ ನರ್ಸಾಗಿರುವ ಹುಡುಗಿ. ಮಗಳ ಮನೆ ನೋಡೋಣವೆಂದು ಅವಳ ಅಪ್ಪ ಅಮ್ಮ ಮೈಸೂರಿನಿಂದ ಬಂದಿದ್ದರು. ಅಪ್ಪ ನಂಜುಂಡಯ್ಯನವರು ಒಂದು ಮಧ್ಯಾಹ್ನ ಸೋಫಾದ ಮೇಲೆ ಪೇಪರು ಓದುತ್ತ ಕೂತವರು ಮತ್ತೆ ಏಳಲಿಲ್ಲ. ದಹನ ಇಲ್ಲಿಯೇ ಆಯಿತು. ಅಸ್ಥಿಯಲ್ಲಿ ಒಂದು ಪಾಲನ್ನು ಕಾವೇರಿಗೆಂದು ಎತ್ತಿಟ್ಟ ಅವಳಮ್ಮ ಲಲಿತಮ್ಮನವರು, ಇನ್ನೊಂದು ಪಾಲು ಮಗಳಿರುವ ದೇಶದ ನೀರಿನಲ್ಲಿಯೇ ಇರಲಿ ಎಂದರು. ಅದೂ ಹಡಗಿನ ಎಣ್ಣೆ ತೇಲುವ ಬಂದರಿನ ನೀರಲ್ಲ, ತೆರೆದ ಸಮುದ್ರವೇ ಆಗಬೇಕು. ಮುಂದಿನ ಮಂಗಳವಾರ ಅವರು ಊರಿಗೆ ಹೊರಡುವವರು. ಬಿಡುವಿದ್ದದ್ದು ಒಂದೇ ಶನಿವಾರ. ನನ್ನ ಹಳೆಯ ವ್ಯಾನು ದಾರಿಯಲ್ಲಿ ಸಿಗುವ ರಿಮುಟಾಕಾ ಬೆಟ್ಟದ ತಿರುವುಗಳನ್ನು ಹತ್ತುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೇ ಈ ಟೂರು. ವಿಷಯವನ್ನು ಗೈಡಿಗೆ ಹೇಳಬೇಡವೇ ಎಂದು ಉಷಾ ಕೇಳಿದಳು. ಹೇಳಿದರೆ ರೇಟು ಏರಿಸುತ್ತಾನೆ, ಇಲ್ಲವೇ ಪರ್ಮಿಷನ್ನು ಅದು ಇದು ಎಂದು ತಕರಾರು ತೆಗೆಯುತ್ತಾನೆ, ಸುಮ್ಮನೆ ಟೂರಿಸ್ಟರ ಹಾಗೆ ಹೋಗಿ ಬಂದುಬಿಡೋಣ ಎಂದು ನಾನೇ ಸಮಾಧಾನ ಮಾಡಿದೆ.

ಗೈಡಿನ ಹೆಸರು ಹೇಮಿ. ಐವತ್ತು ದಾಟಿದ, ಈ ನೆಲದ ಮೂಲದವರಾದ ಮಾವೊರಿ ಜನದ ಮನುಷ್ಯ, ತಲೆಗೆ ಉಣ್ಣೆಯ ಟೋಪಿ, ಕೊರೆಯುವ ಚಳಿಯಲ್ಲೂ ಅರ್ಧ ಚಡ್ಡಿ. ನಮ್ಮ ಮೂವರನ್ನು ಬಿಟ್ಟರೆ ವ್ಯಾನಿನಲ್ಲಿ ಬೇರೆ ಗಿರಾಕಿ ಇರಲಿಲ್ಲ. ಲಲಿತಮ್ಮನವರು ತೊಡೆಯ ಮೇಲೆ ಒಂದು ಬಟ್ಟೆಯ ಚೀಲ ಇಟ್ಟುಕೊಂಡು, ಎರಡು ಕೈಯಲ್ಲೂ ಅದನ್ನು ಹಿಡಿದು ಕೂತಿದ್ದರು. ಪಾಪ ಭಾರವಾದೀತು, ಹಿಂದುಗಡೆ ಇಡಲೇ ಎಂದು ಹೇಮಿ ಕೈಚಾಚಿದ. ಅವರು ಬೇಡವೆಂದು ತಲೆಯಾಡಿಸಿದರು. ಊಟವೇ ಎಂದು ಅವನು ನನ್ನ ಕಡೆ ತಿರುಗಿದ. ನಾನು ಹೌದು ಎಂದುಬಿಟ್ಟೆ. ಹಿಂದಿನ ದಿನದ ಬ್ರೆಡ್ಡನ್ನು ಇವತ್ತಿನದೆಂದು ಮಾರಿದಾಗಲೂ ಯಾರೂ ನನ್ನನ್ನು ಉಷಾ ಆಗ ನೋಡಿದ ಹಾಗೆ ನೋಡಿಲ್ಲ.

ಬೆಟ್ಟ ಇಳಿದು, ಹುಲ್ಲುಗಾವಲು ದಾಟಿ, ರಸ್ತೆ ಸಮುದ್ರದ ಪಕ್ಕಕ್ಕೆ ಬಂದಿತು. ಒಂದು ಕಡೆ ಕುಸಿಯುತ್ತಲೇ ಇರುವ ಮಣ್ಣಿನ ಗೋಡೆ, ಇನ್ನೊಂದು ಕಡೆ ಕರಿಬಂಡೆಗಳಿಗೆ ಬಡಿದು ಬೆಳ್ಳಗೆ ಒಡೆಯುವ ನೀರು. ಮರವೆಂಬುದಿಲ್ಲ. ಇದ್ದ ನಾಲ್ಕು ಪೊದೆಗಳೂ ಗಾಳಿಯ ಏಟಿಗೆ ಬೆಟ್ಟದ ಕಡೆಗೇ ಬಾಗಿ ಬೆಳೆದಿದ್ದವು. ಹೇಮಿ ಅಲ್ಲಲ್ಲಿ ನಿಲ್ಲಿಸಿ ಬಂಡೆಗಳ ವಯಸ್ಸು, ಮುಳುಗಿದ ಹಡಗುಗಳ ಕತೆ, ಬಿಸಿಲಿಗೆ ಹೊರಳುವ ಸೀಲು ಎಂಬ ಕಡಲಪ್ರಾಣಿಗಳ ಸೋಮಾರಿತನ ಎಲ್ಲವನ್ನೂ ವಿವರಿಸಿದ. ನಾನು ಕಿವಿಯನ್ನು ಅವನಿಗೆ ಕೊಟ್ಟು, ಕಣ್ಣಿನಲ್ಲಿ ನೀರಿಗಿಳಿಯುವ ಜಾಗ ಹುಡುಕುತ್ತಿದ್ದೆ. ಕೊನೆಗೆ ಬಂಡೆಗಳ ನಡುವೆ ಒಂದು ಸಣ್ಣ ಮರಳಿನ ದಾರಿ ಕಂಡಿತು. ಅಮ್ಮನವರು ನೀರು ಮುಟ್ಟಬೇಕಂತೆ ಎಂದು ಹೇಳಿ ಅಲ್ಲಿ ಇಳಿಸಿಕೊಂಡೆ.

ಕಡಲು ಇಳಿದು ಹಿಂದೆ ಸರಿದಿದ್ದ ಹೊತ್ತು. ಮೊಣಕಾಲುದ್ದ ನೀರಿನಲ್ಲಿ ಒಂದು ಸಂಸಾರ ಬಗ್ಗಿ ಬಗ್ಗಿ ಬಂಡೆಯಿಂದ ಏನನ್ನೋ ಕಿತ್ತು ಗೋಣಿಚೀಲಕ್ಕೆ ತುಂಬುತ್ತಿತ್ತು. ಲಲಿತಮ್ಮನವರು ನಿಂತುಬಿಟ್ಟರು.

"ಏನಪ್ಪಾ ಪ್ರಕಾಶ, ಏನು ಆರಿಸ್ತಿದಾರೆ ಅವ್ರು?"

"ಪಾವಾ ಅಂತ ಆಂಟಿ, ಒಂಥರಾ ಚಿಪ್ಪು. ಊಟಕ್ಕೆ. ನೀವು ಈ ಕಡೆ ಬನ್ನಿ, ಇಲ್ಲಿ ಯಾರೂ ನೋಡಲ್ಲ."

"ಯಾರೂ ನೋಡ್ದೇ ಇರೋ ಹಾಗೆ ಬಿಡೋಕೆ ಇವರನ್ನೇನು ಕದ್ಕೊಂಡು ಬಂದಿದೀವಾ? ಇನ್ನೊಬ್ಬರು ಉಣ್ಣೋ ತಟ್ಟೇಲಿ ಹೇಗೆ ಹಾಕ್ಲಿ ನಾನು?"

ಸಮುದ್ರ ಬಹಳ ದೊಡ್ಡದು, ಒಂದು ಹಿಡಿ ಬೂದಿಯಿಂದ ಏನೂ ಆಗುವುದಿಲ್ಲ, ಮಂಗಳವಾರ ವಿಮಾನ ಹೊರಟುಬಿಡುತ್ತದೆ ಎಂದು ನನಗೆ ಗೊತ್ತಿದ್ದ ವರಸೆಗಳನ್ನೆಲ್ಲ ಹಾಕಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ನೆಟ್ಟಗೆ ವ್ಯಾನಿನ ಹತ್ತಿರ ನಡೆದು, ಹೇಮಿಯ ಮುಂದೆ ಚೀಲ ತೆರೆದು, ಕೆಂಪು ವಸ್ತ್ರದಲ್ಲಿ ಕಟ್ಟಿದ ಡಬ್ಬಿಯನ್ನು ಎತ್ತಿ ತೋರಿಸಿದರು. ಇಂಗ್ಲಿಷು ಬಾರದಾಕೆ. "ನಮ್ಮ ಯಜಮಾನ್ರು" ಎಂದರು. ಆಮೇಲೆ ಸಮುದ್ರದ ಕಡೆ ಕೈ ತೋರಿಸಿದರು.

ಹೇಮಿ ಟೋಪಿ ತೆಗೆದ. ಆಮೇಲೆ ನನ್ನ ಕಡೆ ನೋಡಿ, ಊಟ ಎಂದೆಯಲ್ಲ ಎಂದು ಮೆಲ್ಲಗೆ ಕೇಳಿದ. ಅವನು ಉಷಾಗೆ ಹೇಳಿದ್ದು ಇಷ್ಟು: ಅಮ್ಮ ಹೇಳಿದ್ದೇ ಸರಿ, ಊಟ ತೆಗೆಯುವ ನೀರಿಗೆ ಸತ್ತವರನ್ನು ಸೇರಿಸುವುದು ನಮ್ಮವರಿಗೂ ಆಗದು; ಫೋನಿನಲ್ಲಿಯೇ ಒಂದು ಮಾತು ತಿಳಿಸಿದ್ದರೆ ಇಲ್ಲಿಯ ಹಿರಿಯರನ್ನು ಕೇಳಿ ಇಟ್ಟಿರುತ್ತಿದ್ದೆ. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ನಮ್ಮನ್ನು ಕೂರಿಸಿಕೊಂಡು ಮುಂದಿನ ಬೆಸ್ತರ ಹಳ್ಳಿಗೆ ಹೊರಟ.

ಆ ಹಳ್ಳಿಗೆ ಬಂದರಿಲ್ಲ. ದೋಣಿಗಳನ್ನು ಬುಲ್ಡೋಜರು ನೀರಿಗೆ ದೂಡುತ್ತದೆ, ಬುಲ್ಡೋಜರೇ ಮೇಲಕ್ಕೆ ಎಳೆಯುತ್ತದೆ. ಮನೆಗೊಂದರಂತೆ ತುಕ್ಕು ಹಿಡಿದ ಬುಲ್ಡೋಜರುಗಳು ದಂಡೆಯಲ್ಲಿ ಸಾಲಾಗಿ ನಿಂತಿದ್ದವು. ಹೇಮಿ ಒಂದು ಮನೆಯೊಳಗೆ ಹೋದ. ನಾವು ಕಾದೆವು. ಲಲಿತಮ್ಮನವರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಆಗುವುದಿಲ್ಲ ಎಂದುಬಿಟ್ಟರೆ ಈ ಚೀಲವನ್ನು ಮತ್ತೆ ಬೆಟ್ಟ ಹತ್ತಿಸಿಕೊಂಡು ಹೋಗುವ ಮುಖ ನನಗಿರಲಿಲ್ಲ. ಕೊನೆಗೆ ಒಬ್ಬರು ಮುದುಕರೂ ಅವರ ಜೊತೆ ಒಬ್ಬ ಬೆಸ್ತನೂ ಹೊರಗೆ ಬಂದರು. ಬಂಡೆಗಳನ್ನು ಬಿಟ್ಟು ದೂರ, ಆಳದ ನೀರಿನಲ್ಲಿ ಆಗಬಹುದು ಎಂದರು ಮುದುಕರು. ಆಗಲೇ ಬಲೆ ತೊಳೆದಿಟ್ಟಿದ್ದ ಬೆಸ್ತ ಮತ್ತೆ ಬುಲ್ಡೋಜರು ಹತ್ತಿದ. ನಾನು ಅಭ್ಯಾಸಬಲದಿಂದ ಎಷ್ಟಾಗುತ್ತದೆ ಎಂದು ಕೇಳಿದೆ. ಅವನು ಸತ್ತವರ ಹೆಸರೇನು ಎಂದು ಕೇಳಿದ. ಹೇಳಿದೆ. ನಂಜುಂಡಯ್ಯ, ನಂಜುಂಡಯ್ಯ ಎಂದು ಬಾಯಿಗೆ ಹೊಂದುವವರೆಗೆ ಹೇಳಿ ನೋಡಿದ.

ಉಳಿದಿದ್ದ ಲೈಫ್ ಜಾಕೆಟ್ಟು ಎರಡೇ. ಸೀರೆ, ಅದರ ಮೇಲೆ ಸ್ವೆಟರು, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ತೊಟ್ಟು ಲಲಿತಮ್ಮನವರು ಮಗಳ ಜೊತೆ ಹೋದರು. ನಾನು ದಂಡೆಯಲ್ಲಿ ಬುಲ್ಡೋಜರಿನ ಪಕ್ಕ ನಿಂತೆ. ದೋಣಿ ಅಲೆಯ ಹಿಂದೆ ಮುಳುಗುವುದು, ಮತ್ತೆ ಕಾಣುವುದು. ಆಮೇಲೆ ಉಷಾ ಹೇಳಿದಳು: ಅಮ್ಮ ಮೊದಲು ಬಗ್ಗಿ ನೀರಿಗೆ ಬೆರಳದ್ದಿದರಂತೆ. ಅಪ್ಪನಿಗೆ ಸ್ನಾನಕ್ಕೆ ನೀರು ತೋಡುವಾಗ ಯಾವಾಗಲೂ ಹಾಗೇ ಮಾಡುತ್ತಿದ್ದರಂತೆ. "ತಣ್ಣಗಿದೆ ಕಣ್ರೀ, ಸ್ವಲ್ಪ ತಡ್ಕೊಳ್ಳಿ" ಎಂದು ಹೇಳಿ, ಆಮೇಲೆ ಬಿಟ್ಟರಂತೆ.

ಅವರು ದೋಣಿಯಿಂದ ಇಳಿದ ಕೂಡಲೇ ಹೇಮಿ ಒಂದು ಕ್ಯಾನಿನಲ್ಲಿ ನೀರು ತಂದು ಎಲ್ಲರ ಕೈಗೂ ಸುರಿದ. ಸತ್ತವರನ್ನು ಕಳಿಸಿ ಬಂದಾಗ ಮಾವೊರಿಗಳಲ್ಲಿ ಹಾಗೆ. ಲಲಿತಮ್ಮನವರು ಯಾರನ್ನೂ ಏನೂ ಕೇಳದೆ ಅದೇ ನೀರನ್ನು ತಲೆಗೂ ಚಿಮುಕಿಸಿಕೊಂಡರು. ಆಮೇಲೆ ನಿಜವಾದ ಊಟದ ಚೀಲ ತೆರೆದು ಮುದುಕರಿಗೆ, ಬೆಸ್ತನಿಗೆ, ಹೇಮಿಗೆ ಚಿತ್ರಾನ್ನ ಬಡಿಸಿದರು. ನನಗೆ ಕೊನೆಗೆ ಬಡಿಸಿದರು, ಸ್ವಲ್ಪ ಕಡಿಮೆಯೇ.

ಆ ಕಡೆ ಹೋಗುವವರಿಗೆ ನನ್ನ ಸಲಹೆ ಇಷ್ಟು. ಚಳಿಗಾಲದಲ್ಲಿ ಹೋಗಿ, ಜನ ಇರುವುದಿಲ್ಲ. ಬೆಟ್ಟದ ತಿರುವುಗಳಿಗೆ ವಾಂತಿಯ ಮಾತ್ರೆ ಮನೆಯಲ್ಲಿಯೇ ನುಂಗಿ ಹೊರಡಿ. ಗಾಳಿ ಛತ್ರಿಯನ್ನು ಉಳಿಸುವುದಿಲ್ಲ, ಟೋಪಿ ಸಾಕು. ಚಿತ್ರಾನ್ನವನ್ನು ಇಬ್ಬರು ಮೂವರಿಗೆ ಹೆಚ್ಚಾಗಿಯೇ ಕಟ್ಟಿಕೊಳ್ಳಿ. ಗೈಡಿಗೆ ಫೋನು ಮಾಡಿದಾಗ ಯಾಕೆ ಬರುತ್ತಿದ್ದೀರಿ, ಜೊತೆಗೆ ಯಾರಿದ್ದಾರೆ ಎಂಬುದನ್ನು ಮೊದಲು ಹೇಳಿ, ದರವನ್ನು ಆಮೇಲೆ ಕೇಳಿ. ನಾನೂ ಈಗ ಹಾಗೆಯೇ ಮಾಡುತ್ತೇನೆ. ದರ ಕೇಳುವುದನ್ನೇ ಬಿಟ್ಟಿದ್ದೇನೆ ಎಂದರೆ ಮಾತ್ರ ನಂಬಬೇಡಿ.